ಗೂಟದ ಮೇಲಿನ ಕೋಟು

ಹಡಪಸರ, ರಾತ್ರಿ ಎರಡೂ ಮುಕ್ಕಾಲು.
ಸೋಲಾಪುರ ರಸ್ತೆಯಲ್ಲಿ ಟ್ರಕ್ಕು ಹಾದಾಗೊಮ್ಮೆ
ಕಿಟಕಿಯಿಲ್ಲದ ಈ ಕೋಣೆಯ ಗೋಡೆ ಸಣ್ಣಗೆ ನಡುಗುತ್ತದೆ.
ನಳಿಗೆಗಳು ನಡುಗಬಾರದು.
ಮೂವತ್ತೇಳು ಡಿಗ್ರಿ, ಒಂದು ತಾಸು,
ನಮ್ಮ ಮೈಯಷ್ಟೇ ಬೆಚ್ಚಗೆ ನಿಂತಿವೆ ಎಂಟು.

ಒಳಗಿರುವುದು ಸಲೈನು, ಜೊತೆಗೊಂದಿಷ್ಟು
ಕುದುರೆಲಾಳದ ಏಡಿಯ ನೆತ್ತರಿನ ಸಾರ.
ಕಡಲಲ್ಲಿ ನೀಲಿ ನೆತ್ತರು ಅದರದು;
ಇಲ್ಲಿಗೆ ಬರುವಷ್ಟರಲ್ಲಿ ಬಿಳಿ ಪುಡಿ, ಬೆಲೆ ಬಂಗಾರದ್ದು.
ಅದಕ್ಕೆ ಬರುವುದು ಒಂದೇ ವಿದ್ಯೆ:
ಆ ಕೋಟಿನ ಎಳೆಯೊಂದು ಸೋಕಿದರೂ ಸಾಕು,
ಹೆಪ್ಪುಗಟ್ಟುತ್ತದೆ.

ಯಾರ ಕೋಟು?
ಗ್ರಾಂ ಬಣ್ಣ ಹಾಕಿದರೆ ನೇರಳೆಯನ್ನು ಹಿಡಿದಿಟ್ಟುಕೊಳ್ಳದೆ
ಸ್ಪಿರಿಟ್ಟಿಗೆ ತೊಳೆದುಕೊಂಡು, ಕೊನೆಗೆ
ಗುಲಾಬಿಯಾಗಿ ಸಿಕ್ಕಿಬೀಳುವ ಜಾತಿಯವು.
ಪುಣೆಯ ಆಷಾಢದಲ್ಲಿ ನಮಗೆಲ್ಲ ರೇನ್‌ಕೋಟು,
ಇವಕ್ಕೆ ಹನ್ನೆರಡು ತಿಂಗಳೂ.
ಮಳೆಗಲ್ಲ; ಕರುಳಿನ ಪಿತ್ತಕ್ಕೆ, ಸಾಬೂನಿಗೆ, ಔಷಧಿಗೆ.
ಒಳಮೈಗೆ ಜಿಡ್ಡು: ಆರು ಕೊಬ್ಬಿನ ಬಾಲ
ಪೊರೆಯೊಳಗೆ ಬೇರಿಳಿಸಿ ಕೂತಿವೆ.
ಅದರ ಮೇಲೆ ನಮ್ಮ ಮೈಯಲ್ಲೆಲ್ಲೂ ಸಿಗದ
ವಿಚಿತ್ರ ಸಕ್ಕರೆಗಳ ಗಂಟು.
ಅದರಾಚೆ ಉದ್ದಕ್ಕೆ ಪೋಣಿಸಿದ ಮಣಿಸರ,
ಊರೂರಿಗೆ ಸೀರೆಯ ಅಂಚು ಬದಲಾದಂತೆ ತಳಿಗೊಂದು ಮಾದರಿ.
ಪಕ್ಕಪಕ್ಕದವು ದೂರ ಸರಿಯದಂತೆ
ಕ್ಯಾಲ್ಸಿಯಂ, ಮೆಗ್ನೀಸಿಯಂ ಗುಂಡಿಗಳು.
ಬಿಚ್ಚಿದರೆ ಒಳಗಿನ ಜೀವ ಬತ್ತಲೆ.
ವೈರಿಯದಾದರೂ ಈ ಹೊಲಿಗೆಗೆ ತಲೆದೂಗುತ್ತೇನೆ.

ನೀಲಗಂಗಕ್ಕನ ಹೆರಿಗೆ ಸಸೂನಿನಲ್ಲಿ.
ಒಂಬತ್ತನೇ ದಿನ ಚಳಿ, ಜ್ವರ.
ಮೂತ್ರದ ದಾರಿಯಲ್ಲಿ ಹತ್ತಿದ್ದು ನೆತ್ತರಿಗೆ ಇಳಿದಿತ್ತು.
ಇಂಜೆಕ್ಷನ್ ಕೊಟ್ಟರು. ಹುಳ ಸತ್ತಿದೆ, ಡಾಕ್ಟರು ಹೇಳಿದರು,
ಕಲ್ಚರಿನಲ್ಲಿ ಈಗ ಏನೂ ಬೆಳೆಯುತ್ತಿಲ್ಲ.
ಜ್ವರ ಅದನ್ನು ಕೇಳಿಸಿಕೊಳ್ಳಲಿಲ್ಲ.
ಬಾವಿಗೆ ಬಿಟ್ಟ ಕೊಡದಂತೆ ಇಳಿಯಿತು ಬಿಪಿ.
ಅವ್ವ ವರಾಂಡದಲ್ಲಿ ನನ್ನ ತೋಳು ಹಿಡಿದು ಕೇಳಿದ್ದಳು:
“ಸತ್ತದ್ದು ಹೆಂಗವ್ವಾ ಕೊಲ್ಲತೈತಿ?
ಕಾಲೇಜ ಕಲ್ತಾಕಿ ನೀ, ಹೇಳ.”
ಹೇಳಲಿಲ್ಲ. ಗೊತ್ತಿರಲೂ ಇಲ್ಲ.

ಈಗ ಗೊತ್ತು.
ಕಳ್ಳ ಸತ್ತು ಒಡೆದಾಗ ಕೋಟು ಚಿಂದಿಯಾಗಿ ಊರೆಲ್ಲ ಹರಡುತ್ತದೆ.
ನಮ್ಮ ಮೈಯ ಕಾವಲುಗಾರನಿಗೆ ಮುಖದ ಗುರುತಿಲ್ಲ,
ಆ ಜಿಡ್ಡಿನ ಒಳಮೈಯದು ಮಾತ್ರ.
ಒಂದು ಗೂಟದಲ್ಲಿ ಒಂದು ಕೋಟು ಕಂಡರೆ ಕೂಗುತ್ತಾನೆ,
ನಾಲ್ಕು ಜನ ಎದ್ದು ಬರುತ್ತಾರೆ. ಅದು ಒಳ್ಳೆಯ ಜ್ವರ.
ಗೂಟಗೂಟಕ್ಕೂ ಕೋಟು ಕಂಡರೆ
ಕಳ್ಳನನ್ನು ಸುಡಲೆಂದು ವಾಡೆಗೇ ಬೆಂಕಿ ಇಡುತ್ತಾನೆ.
ಕಳ್ಳ ಆಗಲೇ ಇಲ್ಲ.
ಅಕ್ಕ ಸುಟ್ಟದ್ದು ತನ್ನದೇ ಬೆಂಕಿಯಲ್ಲಿ.
ಇದನ್ನು ಅವ್ವನಿಗೆ ಹೇಳುವ ಕನ್ನಡವನ್ನು
ಹದಿನಾರು ವರ್ಷದಿಂದ ಹುಡುಕುತ್ತಿದ್ದೇನೆ.

ಗಡಿಯಾರ ಕೂಗಿತು.
ಒಂದೊಂದೇ ನಳಿಗೆ ಎತ್ತಿ, ಅಲುಗಿಸದೆ, ನಿಧಾನಕ್ಕೆ ತಲೆಕೆಳಗು.
ಬರೀ ನೀರಿನದು ಜಾರಿತು; ಜಾರಲೇಬೇಕು.
ಬೇಕೆಂದೇ ವಿಷ ಬೆರೆಸಿದ್ದು ನಿಂತಿತು; ನಿಲ್ಲಲೇಬೇಕು.
ನಾಲ್ಕನೇ ಬ್ಯಾಚಿನದು
ನಿಂತಿದೆ.
ಬಾವಲಿಯ ಹಾಗೆ, ತಳಕ್ಕೆ ಕಚ್ಚಿಕೊಂಡು.
ಅದರ ಜೋಡಿಯೂ.

ಫಡತರೆ ಸಾಹೇಬರು ಫೋನಿನಲ್ಲಿ ಆಕಳಿಸಿದರು:
ಕುದಿಸಿದ ನೀರಲ್ಲವೇ ಮ್ಯಾಡಮ್, ಫಿಲ್ಟರೂ ಆಗಿದೆ.
ಕುದಿಸಿದರೆ ಹುಳ ಸಾಯುತ್ತದೆ ಸಾಹೇಬರೆ, ಕೋಟು ಸಾಯುವುದಿಲ್ಲ.
ಫಿಲ್ಟರಿನ ಕಂಡಿಯಲ್ಲಿ ಚಿಂದಿ ನುಸುಳುತ್ತದೆ.
ಗಾಜಾಗಿದ್ದರೆ ಇನ್ನೂರೈವತ್ತು ಡಿಗ್ರಿಯಲ್ಲಿ ಸುಡಬಹುದಿತ್ತು,
ನೀರನ್ನು ಹೇಗೆ ಸುಡುವುದು?
ಮೂರು ಸಾವಿರ ಬಾಟಲಿ, ಮ್ಯಾಡಮ್.
ಗೊತ್ತು ಎಂದೆ. ಇನ್ನೊಮ್ಮೆ ಮಾಡಿದೆ.
ಇನ್ನೊಮ್ಮೆಯೂ ನಿಂತಿತು. ಕೆಂಪು ಚೀಟಿ ಅಂಟಿಸಿದೆ.

ಬೆಳಗಿನ ಶಿಫ್ಟಿನವರು ಬಂದರು, ಒದ್ದೆ ತಲೆಗಳು.
ಗೂಟದಲ್ಲಿ ನನ್ನ ರೇನ್‌ಕೋಟು ಇನ್ನೂ ತೊಟ್ಟಿಕ್ಕುತ್ತಿತ್ತು,
ನನ್ನಷ್ಟೇ ಎತ್ತರ, ಒಳಗೆ ಯಾರೂ ಇಲ್ಲ.
ತುಸು ಹೊತ್ತು ಮುಟ್ಟಲಿಲ್ಲ.
ಆಮೇಲೆ ತೊಟ್ಟುಕೊಂಡು, ಗುಂಡಿ ಹಾಕಿಕೊಂಡು,
ಗಾಡೀತಳದ ಕಡೆ ನಡೆದೆ, ಚಹಾಕ್ಕೆ.